ರೀಸೆಲ್ಲರ್ ಹೋಸ್ಟಿಂಗ್‌ಗೆ ಸರ್ವರ್ ಕಂಪನಿ ಆರಿಸಿದ ಬಗೆ

ದೊಡ್ಡ ಕಂಪನಿಯ ಸರ್ವರ್ ಜಾಗ ಕೊಂಡು, ಪಾಲು ಮಾಡಿ ಗಿರಾಕಿಗಳ ವೆಬ್‌ಸೈಟುಗಳಿಗೆ ಮಾರುವುದೇ ರೀಸೆಲ್ಲರ್ ಹೋಸ್ಟಿಂಗ್. ಮೈಸೂರಿನ ಹೋಂಸ್ಟೇಗಳು, ಸೀರೆ ಅಂಗಡಿಗಳು, ಮಂಡ್ಯದ ಬೆಲ್ಲದ ವ್ಯಾಪಾರಿಗಳು: ನನ್ನ ಗಿರಾಕಿಗಳು ಇವರೇ ಎಂದಮೇಲೆ ಸರ್ವರ್ ಭಾರತದಲ್ಲೇ ಇರಬೇಕಿತ್ತು. ಇಲ್ಲಿಂದ ಅಮೆರಿಕಕ್ಕೆ ಪಿಂಗ್ (ಸಂದೇಶ ಹೋಗಿ ಬರುವ ಸಮಯ) 200 ಮಿಲಿಸೆಕೆಂಡ್ ದಾಟುತ್ತದೆ, ಮುಂಬೈಗೆ ಸಾಮಾನ್ಯವಾಗಿ 50ರೊಳಗೆ. ವರ್ಡ್‌ಪ್ರೆಸ್ ಅಡ್ಮಿನ್ ಪುಟಗಳು ಕ್ಯಾಶ್ ಆಗುವುದಿಲ್ಲ (ಸಿದ್ಧಪಡಿಸಿಟ್ಟ ಪ್ರತಿ ಸಿಗುವುದಿಲ್ಲ), ಹಾಗಾಗಿ ದಿನಾ ಲಾಗಿನ್ ಆಗುವವರಿಗೆ ಈ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಮೂರು ಕಂಪನಿಗಳ ರೀಸೆಲ್ಲರ್ ಪ್ಲಾನ್ ಒಂದೊಂದು ತಿಂಗಳಿಗೆ ಮಾತ್ರ ಕೊಂಡೆ. ಲೆಕ್ಕ ಹಾಕಿದ್ದು ಮೊದಲ ವರ್ಷದ ರಿಯಾಯಿತಿ ದರಕ್ಕಲ್ಲ, ರಿನ್ಯೂವಲ್ ದರಕ್ಕೆ, 18% ಜಿಎಸ್‌ಟಿ ಸೇರಿಸಿ. 2019ರಿಂದ ಸಿಪ್ಯಾನೆಲ್ (ಸೈಟ್, ಮೇಲ್ ನಿರ್ವಹಿಸುವ ತಂತ್ರಾಂಶ) ಲೈಸೆನ್ಸ್ ದರ ಖಾತೆಗಳ ಸಂಖ್ಯೆಯ ಮೇಲೆ ನಿಂತಿದೆ. ಪ್ಲಾನಿನಲ್ಲಿ ಎಷ್ಟು ಖಾತೆ ಎಂದು ಬರಹದಲ್ಲೇ ಕೇಳಿ. 'ಅನ್‌ಲಿಮಿಟೆಡ್' ಎಂದವರ ಹತ್ತಿರ ಐನೋಡ್ ಮಿತಿ ಕೇಳಿ. ಒಂದೊಂದು ಫೈಲಿಗೂ, ಒಂದೊಂದು ಮೇಲಿಗೂ ಒಂದು ಐನೋಡ್ ಖರ್ಚಾಗುತ್ತದೆ. ಅದು ಮುಗಿದರೆ ಡಿಸ್ಕಿನಲ್ಲಿ ಜಾಗ ಉಳಿದಿದ್ದರೂ ಮೇಲ್ ಬರುವುದು ನಿಲ್ಲುತ್ತದೆ.

ಕ್ಲೌಡ್‌ಲಿನಕ್ಸ್ (ಪ್ರತಿ ಖಾತೆಗೂ ಸಿಪಿಯು, ಮೆಮೊರಿ ಮಿತಿ ಹಾಕುವ ಆಪರೇಟಿಂಗ್ ಸಿಸ್ಟಮ್) ಇಲ್ಲದ ಸರ್ವರ್ ಬೇಡವೇ ಬೇಡ. ಅದಿಲ್ಲದಿದ್ದರೆ ಪಕ್ಕದ ಖಾತೆಯ ಒಂದು ಕೆಟ್ಟ ಪ್ಲಗಿನ್ ಇಡೀ ಸಿಪಿಯು ತಿಂದುಹಾಕುತ್ತದೆ. ಇದ್ದಾಗಲೂ ಎಂಟ್ರಿ ಪ್ರೊಸೆಸ್ ಮಿತಿ ನೋಡಿ. ಮಿತಿ 20 ಇದ್ದರೆ, ಒಂದೇ ಹೊತ್ತಿಗೆ ಅಷ್ಟು ಪಿಎಚ್‌ಪಿ ರಿಕ್ವೆಸ್ಟ್ ಓಡುತ್ತಿರುವಾಗ ಮುಂದೆ ಬಂದವರಿಗೆ 508 ಎರರ್ (ಮಿತಿ ಮುಗಿದಿದೆ ಎಂಬ ಸಂದೇಶ) ಕಾಣುತ್ತದೆ. ದಸರಾ ಬುಕಿಂಗ್ ಸಮಯದಲ್ಲಿ ಹೋಂಸ್ಟೇ ಸೈಟುಗಳಿಗೆ ಇದೇ ಕುತ್ತು.

ಹೆಚ್ಚು ಹೊತ್ತು ಕೊಟ್ಟಿದ್ದು ಬ್ಯಾಕಪ್‌ಗೆ. ಪರೀಕ್ಷೆಗೆಂದು ಹಾಕಿದ ಸೈಟಿನ ಡೇಟಾಬೇಸಿನ ಒಂದು ಟೇಬಲ್ ಮತ್ತು ಒಂದು ಮೇಲ್‌ಬಾಕ್ಸ್ ಬೇಕೆಂದೇ ಅಳಿಸಿ, ಮರಳಿ ತರಲು ಎಷ್ಟು ನಿಮಿಷ ಎಂದು ಬರೆದಿಟ್ಟೆ. ಒಂದು ಕಡೆ ಫೈಲುಗಳು ಹಿಂದಿನ ದಿನದವು ಬಂದವು, ಡೇಟಾಬೇಸ್ ಮಾತ್ರ ಮೂರು ದಿನ ಹಳೆಯದು. ಆ ಕಂಪನಿಯನ್ನು ಅಲ್ಲಿಗೇ ಬಿಟ್ಟೆ. ಬ್ಯಾಕಪ್ ಇರುವ ಕಟ್ಟಡ ಯಾವುದೆಂದೂ ಕೇಳಬೇಕು. 2021ರ ಮಾರ್ಚ್‌ನಲ್ಲಿ ಸ್ಟ್ರಾಸ್‌ಬರ್ಗ್‌ನ ಓವಿಎಚ್ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ ಕೂಡ ಅಲ್ಲೇ ಇಟ್ಟವರ ಡೇಟಾ ಮರಳಿ ಸಿಗಲೇ ಇಲ್ಲ. ವಾರಕ್ಕೊಂದು ಪ್ರತಿ ಬೇರೆ ಕಂಪನಿಯ ಸ್ಟೋರೇಜಿಗೆ ನಾನೇ ಕಳಿಸುತ್ತೇನೆ.

ಮೇಲ್ ಪರೀಕ್ಷೆ ಸುಲಭ. ಸರ್ವರ್ ಐಪಿಯನ್ನು (ಅದರ ನೆಟ್‌ವರ್ಕ್ ವಿಳಾಸ) ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿ ಇಡುವ ಸ್ಪ್ಯಾಮ್‌ಹೌಸ್‌ನಲ್ಲಿ ಹುಡುಕಿ, ಪಿಟಿಆರ್ ದಾಖಲೆ (ಐಪಿಗೆ ಯಾವ ಹೆಸರು ಎಂದು ಹೇಳುವುದು) ಹೋಸ್ಟ್‌ನೇಮಿಗೆ ಹೊಂದುತ್ತದೆಯೇ ನೋಡಿ. ಆಮೇಲೆ ಜಿಮೇಲಿಗೊಂದು ಮೇಲ್ ಕಳಿಸಿ 'ಶೋ ಒರಿಜಿನಲ್' ತೆರೆದರೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಮೇಲ್ ಕಳಿಸಿದವರು ನಿಜವಾದವರೇ ಎಂದು ನೋಡುವ ಪರೀಕ್ಷೆಗಳು) ಮೂರೂ ಪಾಸ್ ಎಂದಿರಬೇಕು.

ಸಪೋರ್ಟ್ ಅಳೆಯಲು ಭಾನುವಾರ ರಾತ್ರಿ 2 ಗಂಟೆಗೆ ಟಿಕೆಟ್ ಹಾಕಿದೆ. ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿಗೆ ಸರ್ವರ್ ವಿಳಾಸ ಹೇಳುವ ಪಟ್ಟಿ) ಹಳೆಯ ಸರ್ವರಿನ ಎಎಎಎ ದಾಖಲೆ (ಐಪಿವಿ6 ವಿಳಾಸ) ಬೇಕೆಂದೇ ಉಳಿಸಿ, 'ಎಸ್‌ಎಸ್‌ಎಲ್ ಯಾಕೆ ಬರುತ್ತಿಲ್ಲ?' ಎಂದು ಕೇಳಿದ್ದು. ಹಾಗಿದ್ದಾಗ ಸೈಟಿನ ಸುರಕ್ಷತಾ ಪ್ರಮಾಣಪತ್ರ ಕೊಡುವವರ ಪರಿಶೀಲನೆ ಹಳೆಯ ಸರ್ವರಿಗೇ ಹೋಗಿ ಸೋಲುತ್ತದೆ. ಕ್ಯಾಶ್ ಅಳಿಸಿ ನೋಡಿ ಎಂದವರಿಗೆ ಕೆಲಸ ಗೊತ್ತಿಲ್ಲ. ಆ ದಾಖಲೆಯನ್ನೇ ಬೊಟ್ಟು ಮಾಡಿ ತೋರಿಸಿದವರನ್ನು ಉಳಿಸಿಕೊಂಡೆ.

99.9% ಅಪ್‌ಟೈಮ್ ಎಂದರೂ ತಿಂಗಳಿಗೆ 43 ನಿಮಿಷ ಸೈಟ್ ನಿಲ್ಲಬಹುದು. ಯಾವ ಕಂಪನಿಯನ್ನೂ ಪೂರ್ತಿ ನೆಚ್ಚಿಕೊಳ್ಳಲಾಗದು. ಅದಕ್ಕೇ ಡೊಮೇನ್ ಬೇರೆ ರಿಜಿಸ್ಟ್ರಾರ್ ಹತ್ತಿರ ಇಟ್ಟು, ನೇಮ್‌ಸರ್ವರ್‌ಗಳನ್ನು (ಸೈಟ್ ಯಾವ ಸರ್ವರಿನಲ್ಲಿದೆ ಎಂದು ಹೇಳುವವು) ನನ್ನದೇ ಡೊಮೇನ್ ಹೆಸರಿನಲ್ಲಿ ಮಾಡಿಕೊಂಡಿದ್ದೇನೆ. ಕಂಪನಿ ಬದಲಿಸಬೇಕಾಗಿ ಬಂದರೆ ಸೈಟುಗಳನ್ನು ಹೊಸ ಸರ್ವರಿಗೆ ಸಾಗಿಸಿ, ಗ್ಲೂ ದಾಖಲೆಯ (ರಿಜಿಸ್ಟ್ರಾರ್ ಹತ್ತಿರ ಇರುವ ನೇಮ್‌ಸರ್ವರ್ ವಿಳಾಸ) ಐಪಿ ಬದಲಿಸಿದರೆ ಸಾಕು, ಗಿರಾಕಿಗಳು ಏನನ್ನೂ ಮುಟ್ಟಬೇಕಿಲ್ಲ.