ಇಸಿಎಚ್‌ಎಸ್‌ನಲ್ಲಿ ಮಾತ್ರೆ ಸಿಗಲಿಲ್ವಾ? ಜಗಳ ಆಡಬೇಡಿ, ಬರೆಸಿಕೊಳ್ಳಿ

ಮಾಜಿ ಸೈನಿಕರಿಗೆ ಮತ್ತು ಅವರ ಮನೆಯವರಿಗೆ ಅಂತ ಇಸಿಎಚ್‌ಎಸ್ ಅನ್ನೋ ಆರೋಗ್ಯ ಯೋಜನೆ ಶುರುವಾಗಿದ್ದು 2003ರ ಏಪ್ರಿಲ್ 1ರಂದು. ಯೋಜನೆ ಚೆನ್ನಾಗೇ ಇದೆ. ಆದರೆ ಹಳ್ಳಿಯಿಂದ ಬೆಳಗಿನ ಬಸ್ ಹಿಡಿದು ಬಂದ ಹವಾಲ್ದಾರರಿಗೆ ಪಾಲಿಕ್ಲಿನಿಕ್‌ನ, ಅಂದರೆ ಈ ಯೋಜನೆಯ ಚಿಕಿತ್ಸಾಲಯದ, ಔಷಧಿ ಕೌಂಟರಿನಲ್ಲಿ "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಅಂದರೆ, ಅವರು "ಇರಲಿ ಬಿಡಪ್ಪ" ಅಂತ ಎದ್ದು ಬಂದುಬಿಡುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿ. ಮಾತ್ರೆ ಸಿಗಲಿಲ್ಲ ಅನ್ನೋದಕ್ಕೆ ಎಲ್ಲೂ ದಾಖಲೆ ಉಳಿಯಲ್ಲ.

ಹಾಗಾಗಿ ಡಾಕ್ಟರ್ ಚೀಟಿಯಲ್ಲಿ ಸಿಗದ ಮಾತ್ರೆಯ ಪಕ್ಕದಲ್ಲೇ "ಎನ್‌ಎ" (ನಾಟ್ ಅವೈಲಬಲ್, ಅಂದರೆ ಸ್ಟಾಕ್ ಇಲ್ಲ) ಅಂತ ಬರೆದು, ಸಹಿ, ಸೀಲು, ತಾರೀಕು ಹಾಕಿಕೊಡಿ ಅಂತ ಕೇಳಿ. ಮೆತ್ತಗೆ ಕೇಳಿ, ಆದರೆ ಅದನ್ನು ತೆಗೆದುಕೊಳ್ಳದೆ ಕೌಂಟರ್ ಬಿಡಬೇಡಿ. ಆಮೇಲೆ ಪಾಲಿಕ್ಲಿನಿಕ್‌ಗೆ ಗೊತ್ತುಮಾಡಿದ ಮೆಡಿಕಲ್ ಶಾಪ್‌ನಿಂದ ತರಿಸಿಕೊಡ್ತೀರಾ, ಇಲ್ಲ ನಾವೇ ಹೊರಗೆ ಕೊಂಡು ಬಿಲ್ ಕೊಡಬೇಕಾ ಅಂತ ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ. ಚೀಟಿಯ ಎರಡೂ ಬದಿ ಫೋಟೋ ತೆಗೆದು ಮಗನಿಗೋ ಮಗಳಿಗೋ ವಾಟ್ಸಾಪ್ ಮಾಡಿಬಿಡಿ, ಚೀಟಿ ಕಳೆದರೂ ಚಿಂತೆಯಿಲ್ಲ.

ರಾತ್ರಿ ಎದೆನೋವು ಬಂತು, ಹತ್ತಿರದ ಆಸ್ಪತ್ರೆ ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲ ಅಂದರೂ ಸೇರಿಸಿ. ಮೊದಲು ಜೀವ, ಅಲ್ವಾ? ದುಡ್ಡು ನೀವೇ ಕಟ್ಟಬೇಕು. 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿ. ತುರ್ತು ಇತ್ತು ಅನ್ನುವ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಬಿಡಿ ಬಿಡಿಯಾದ ಬಿಲ್ಲು ಎಲ್ಲ ಇಟ್ಟುಕೊಳ್ಳಿ. ವಾಪಸ್ ಬರೋದು ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ದರದ ಲೆಕ್ಕದಲ್ಲಿ, ಪೂರ್ತಿ ಬಿಲ್ ಬರುತ್ತೆ ಅಂತ ನಂಬಿ ಕೂರಬೇಡಿ.

ಇನ್ನು ದೂರು. ಮೊದಲು ಪಾಲಿಕ್ಲಿನಿಕ್‌ನ ಆಫೀಸರ್ ಇನ್ ಚಾರ್ಜ್‌ಗೆ ಲಿಖಿತವಾಗಿ ಕೊಟ್ಟು ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆಗಲಿಲ್ಲ ಅಂದರೆ ಇಸಿಎಚ್‌ಎಸ್‌ನ ರೀಜನಲ್ ಸೆಂಟರ್. ಅಲ್ಲಿಗೂ ಆಗದಿದ್ದರೆ ಕೇಂದ್ರ ಸರ್ಕಾರದ ಆನ್‌ಲೈನ್ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ಮಾಜಿ ಸೈನಿಕರ ಕಲ್ಯಾಣ ಇಲಾಖೆಯನ್ನು ಆರಿಸಿ ಹಾಕಿ. ಒಂದು ದೂರಿಗೆ ಒಂದೇ ವಿಷಯ. ಪಿಂಚಣಿ, ಕಾರ್ಡು, ಮಾತ್ರೆ ಎಲ್ಲ ಒಟ್ಟಿಗೆ ಸುರಿದರೆ ಉತ್ತರವೂ ಕಲಸುಮೇಲೋಗರವೇ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಇಷ್ಟವಾದ ದಾರಿ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. "ಯಾಕೆ ಮಾತ್ರೆ ಇಲ್ಲ?" ಅಂತ ಕೇಳಬೇಡಿ, ಅದಕ್ಕೆ ಜಾರಿಕೊಳ್ಳುವ ಉತ್ತರ ಸುಲಭ. ಈ ಮಾತ್ರೆಗೆ ಇಂಡೆಂಟ್ (ಇಷ್ಟು ಬೇಕು ಅನ್ನುವ ಬೇಡಿಕೆ ಪಟ್ಟಿ) ಹಾಕಿದ ತಾರೀಕು ಯಾವುದು, ಎಷ್ಟು ಕೇಳಿದ್ದಿರಿ, ಎಷ್ಟು ಬಂತು, ಯಾವಾಗ ಬಂತು ಅಂತ ಕೇಳಿ. ತಾರೀಕು ನೋಡಿದ ತಕ್ಷಣ ಇಂಡೆಂಟ್ ಹಾಕೋದೇ ತಡವಾಯ್ತೋ, ಮೇಲಿನಿಂದ ಸರಬರಾಜು ಆಗಲಿಲ್ಲವೋ ಅನ್ನೋದು ಗೊತ್ತಾಗುತ್ತೆ. ಪಾಪ, ಕೆಲವು ಸಲ ಕೌಂಟರಿನವರದ್ದು ಏನೂ ತಪ್ಪಿರಲ್ಲ.

ನಿಮ್ಮ ತಾಲೂಕಿನ ಮಾಜಿ ಸೈನಿಕರ ಸಂಘದಲ್ಲಿ ಎಲ್ಲರ ಎನ್‌ಎ ಚೀಟಿಗಳನ್ನು ಒಟ್ಟುಮಾಡಿ. ಒಂದೇ ಸಕ್ಕರೆ ಕಾಯಿಲೆ ಮಾತ್ರೆ ಹತ್ತು ಚೀಟಿಯಲ್ಲಿ ಇಲ್ಲ ಅಂತ ಬಂದಿದ್ದರೆ, ಆ ಪಟ್ಟಿಯನ್ನೇ ದೂರಿನ ಜೊತೆ ಲಗತ್ತಿಸಿ ಕಳಿಸಿ.