ಲಾಂಗ್ ರೈಡ್‌ಗೆ ಬೈಕ್ ತಗೊಳ್ಳೋ ಮುಂಚೆ ಸಿಸಿ ಬಿಟ್ಟು ಇವನ್ನ ನೋಡಿ

ಟೂರಿಂಗ್‌ಗೆ ಯಾವ ಬೈಕ್ ತಗೊಳ್ಲಿ ಅಂತ ಕೇಳೋರೆಲ್ಲ ಸಿಸಿ ಎಷ್ಟು, ಟಾಪ್ ಸ್ಪೀಡ್ ಎಷ್ಟು ಅಂತಾನೇ ಶುರು ಮಾಡ್ತಾರೆ. ಅದನ್ನ ಕೊನೆಗಿಡಿ. ಬೆಂಗಳೂರಿಂದ ಬೆಳಗಾವಿ ಹತ್ರತ್ರ 500 ಕಿಮೀ, ಅಲ್ಲಿ ಹೋಗಿ ಇಳಿದಾಗ ಸೊಂಟ, ಮಣಿಕಟ್ಟು, ಬೆನ್ನು ಹೆಂಗಿರುತ್ತೆ, ಮಾರನೇ ದಿನ ಬೆಳಗ್ಗೆ ಮತ್ತೆ ಹತ್ತೋಕೆ ಮನಸ್ಸಾಗುತ್ತಾ, ನೋಡ್ಬೇಕಾಗಿರೋದು ಅಷ್ಟೇ.

ಈಗ ಎಲ್ರಿಗೂ ಅಡ್ವೆಂಚರ್ ಬೈಕ್ ಹುಚ್ಚು, ಅಂದ್ರೆ ಕೆಟ್ಟ ದಾರೀಲೂ ಓಡೋ ಎತ್ತರದ ಬೈಕ್. ಕಾಡು, ಕಲ್ಲು, ಹಿಮಾಚಲದ ಸ್ಪಿತಿ ಅಂತೆಲ್ಲ ನಿಜವಾಗ್ಲೂ ಹೋಗೋರಾದ್ರೆ ತಗೊಳ್ಳಿ, ಆದ್ರೆ ನಮ್ಮಲ್ಲಿ ಬಹಳಷ್ಟು ಜನ ಹೋಗೋದು ಡಾಂಬರು ರಸ್ತೇಲೇ, ಹೈವೇ, ಘಾಟಿ, ಆಮೇಲೆ ಹೋಂಸ್ಟೇ ಮುಂದಿನ ಒಂದೆರಡು ಕಿಲೋಮೀಟರ್ ಮಣ್ಣು ರೋಡು. ಅಷ್ಟಕ್ಕೆ 825 ಎಂಎಂ ಸೀಟ್ ಇರೋ ಹಿಮಾಲಯನ್ 450, 835 ಇರೋ ವಿ-ಸ್ಟ್ರಾಮ್ ಎಸ್‌ಎಕ್ಸ್ ಬೇಕೇ ಬೇಕು ಅಂತೇನಿಲ್ಲ. ಐದೂವರೆ ಅಡಿಗಿಂತ ಕಮ್ಮಿ ಹೈಟ್ ಇರೋರು ಲಗೇಜ್ ಕಟ್ಕೊಂಡು, ಹಿಂದೆ ಒಬ್ರನ್ನ ಕೂರಿಸ್ಕೊಂಡು, ಇಳಿಜಾರಲ್ಲಿ ಬೈಕ್ ನಿಲ್ಸಿದಾಗ ಬರೀ ಕಾಲ್ಬೆರಳು ನೆಲಕ್ಕೆ ತಾಕಿದ್ರೆ ಏನಾಗುತ್ತೆ ಯೋಚ್ನೆ ಮಾಡಿ.

ಹಾಗಂತ ಸೀಟ್ ತೀರಾ ಕೆಳಗಿರೋ, ಕಾಲು ಮುಂದೆ ಚಾಚಿ ಕೂರೋ ಕ್ರೂಸರ್ ಬೈಕೇ ಬೆಸ್ಟ್ ಅಂತಾನೂ ಅಲ್ಲ. ಸೂಪರ್ ಮೀಟಿಯೋರ್ 650 ಸೀಟ್ 740 ಎಂಎಂ, ಸೋಫಾ ಥರ ಅನ್ಸುತ್ತೆ, ಆದ್ರೆ ಕಾಲು ಮುಂದಕ್ಕೆ ಚಾಚಿರ್ತೀರಲ್ಲ, ಗುಂಡಿ ಬಂದಾಗ ಫುಟ್‌ಪೆಗ್ ಮೇಲೆ ಎದ್ದು ನಿಲ್ಲೋಕಾಗಲ್ಲ, ಆ ಏಟು ನೇರ ಬೆನ್ನುಮೂಳೆಗೇ. ಮೇಲಾಗಿ 241 ಕೆಜಿ, ಲಾಡ್ಜ್ ಪಾರ್ಕಿಂಗಲ್ಲಿ ಒಬ್ರೇ ಹಿಂದಕ್ಕೆ ತಳ್ಳಿ ನೋಡಿ ಗೊತ್ತಾಗುತ್ತೆ. ಡಾಂಬರು ರಸ್ತೆಗೆ ನನ್ನ ಪ್ರಕಾರ ಸರಿಯಾಗಿರೋದು ಬೆನ್ನು ನೆಟ್ಟಗೆ, ಮೊಣಕೈ ಸ್ವಲ್ಪ ಮಡಚಿ, ಪಾದ ಹೆಚ್ಚುಕಮ್ಮಿ ಸೊಂಟದ ಕೆಳಗೇ ಬರೋ ಸೀಟಿಂಗು.

ಪವರ್ ವಿಷ್ಯ. 350 ಸಿಸಿ ಬೈಕ್‌ಗಳಲ್ಲಿ ಇರೋದು 20 ಬಿಎಚ್‌ಪಿ (ಇಂಜಿನ್ ಶಕ್ತಿಯ ಅಳತೆ) ಆಸುಪಾಸು. ಗಂಟೆಗೆ 80-90 ಕಿಮೀ ಸ್ಪೀಡಲ್ಲಿ ಆರಾಮಾಗಿ ಹೋಗೋರಿಗೆ ಮೀಟಿಯೋರ್ 350, ಹೋಂಡಾ ಎಚ್‌ನೆಸ್ ಧಾರಾಳ ಸಾಕು, ಇಬ್ರು ಪ್ಲಸ್ ಬ್ಯಾಗ್ ಅಂದ್ರೆ ಮಾತ್ರ ಲಾರಿ ಓವರ್‌ಟೇಕ್ ಮಾಡೋಕೆ ಮುಂಚೇನೇ ಗೇರ್ ಇಳಿಸಿ ಜಾಗ ನೋಡ್ಕೋಬೇಕು. 100ರಲ್ಲೇ ಹೋಗ್ತೀನಿ ಅನ್ನೋರು 40 ಪಿಎಸ್‌ನ (ಇದೂ ಹೆಚ್ಚುಕಮ್ಮಿ ಬಿಎಚ್‌ಪಿ ಥರಾನೇ) ಡಾಮಿನಾರ್ 400, ಇಲ್ಲಾ ಇಂಟರ್‌ಸೆಪ್ಟರ್ 650 ನೋಡಿ. ಇಂಟರ್‌ಸೆಪ್ಟರ್‌ದು ಎರಡು ಸಿಲಿಂಡರ್, 100ರಲ್ಲೂ ಇಂಜಿನ್ ಏದುಸಿರು ಬಿಡಲ್ಲ. ಟ್ಯಾಂಕ್ 13.7 ಲೀಟರ್, ಲೀಟರ್‌ಗೆ 25 ಅಂತಿಟ್ರೂ 340 ಕಿಮೀ ಆಯ್ತು, ನಮ್ಮ ಹೈವೇಗಳಿಗೆ ಅಷ್ಟು ಸಾಕು.

ಟೈರ್ ವಿಷ್ಯದಲ್ಲಿ ಮಾತ್ರ ನಾನು ರಾಜಿ ಆಗಲ್ಲ, ಟ್ಯೂಬ್‌ಲೆಸ್ಸೇ ಇರ್ಲಿ. ಸ್ಪೋಕ್ ವೀಲ್ ನೋಡೋಕೆ ಚೆಂದ, ಆದ್ರೆ ಅದರಲ್ಲಿ ಬಹಳಷ್ಟಕ್ಕೆ ಟ್ಯೂಬೇ ಇರೋದು, ಶಿರಾಡಿ ಘಾಟಲ್ಲಿ ಮಳೇಲಿ ಮೊಳೆ ಹೊಕ್ರೆ ಗಾಳಿ ಒಂದೇ ಸಲ ಇಳಿದುಬಿಡುತ್ತೆ, ವೀಲ್ ಬಿಚ್ಚಿ ಟ್ಯೂಬ್ ಎಳೀಬೇಕು. ಟ್ಯೂಬ್‌ಲೆಸ್ ಆದ್ರೆ ಮೊಳೆ ಇದ್ರೂ ಗಾಳಿ ನಿಧಾನಕ್ಕೇ ಇಳಿಯೋದು. ಜಾಗ ನೋಡಿ ನಿಲ್ಸಿ, ಮೊಳೆ ಕಿತ್ತು, ತೂತು ಉಜ್ಜೋ ರೀಮರ್ ತೂರಿಸಿ ನಾಲ್ಕು ಸಲ ಆಡ್ಸಿ, ಅಂಟು ಬತ್ತಿನ ಸೂಜಿಗೆ ಪೋಣಿಸಿ ಒಳಗೆ ತಳ್ಳಿ ಎಳೆದು, ಉಳಿದ ತುದಿ ಕತ್ತರಿಸಿದ್ರೆ ಮುಗೀತು. ಚಿಕ್ಕ ಗಾಳಿ ಪಂಪ್ ಒಂದು ಬ್ಯಾಗಲ್ಲಿರ್ಲಿ. ಹಾಗೇ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ಎಬಿಎಸ್ ಎರಡೂ ಚಕ್ರಕ್ಕಿರ್ಲಿ.

ಹಿಂದೆ ಕೂರೋರನ್ನ ಬಿಟ್ಟು ಬೈಕ್ ಬುಕ್ ಮಾಡೋದು ಅನ್ಯಾಯ. ಹೆಂಡ್ತಿನೋ ಗಂಡನೋ ಫ್ರೆಂಡೋ, ಶೋರೂಮ್‌ಗೆ ಕರ್ಕೊಂಡು ಹೋಗಿ ಕೂರಿಸಿ. ಸೀಟ್ ಅಗಲ ಸಾಕಾ, ಹಿಡ್ಕೊಳ್ಳೋಕೆ ಗ್ರಾಬ್ ರೈಲ್ ಇದ್ಯಾ, ಮಂಡಿ ಜಾಸ್ತಿ ಮಡಚುತ್ತಾ ಅಂತ ಅವರ ಬಾಯಲ್ಲೇ ಕೇಳಿ. ಸ್ಯಾಡಲ್ ಬ್ಯಾಗ್ ಹಾಕಿದ್ರೆ ಸೈಲೆನ್ಸರ್‌ಗೆ ತಾಕುತ್ತಾ ಅದನ್ನೂ ನೋಡಿ.

ಶೋರೂಮಿನವರ ಎರಡು ಕಿಲೋಮೀಟರ್ ಟೆಸ್ಟ್ ರೈಡಲ್ಲಿ ಇದ್ಯಾವುದೂ ಗೊತ್ತಾಗಲ್ಲ. ಬೆಂಗಳೂರಲ್ಲಿ ಬೈಕ್ ಬಾಡಿಗೆಗೆ ಸಿಗುತ್ತೆ, ಒಂದಿನ ತಗೊಂಡು ನೆಲಮಂಗಲದಿಂದ ಹಾಸನಕ್ಕೆ ಹೋಗಿ ಬನ್ನಿ. ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡ್ತಿಲ್ಲ, ಸರ್ವಿಸ್ ರೋಡಲ್ಲಿ ಹಂಪ್ ಹಾರಿಸ್ಕೊಂಡು ಹೋದ್ರೆ ಕ್ರೂಸಿಂಗ್ ಹೆಂಗಿದೆ ಅಂತ ತಿಳಿಯಲ್ಲ. ಒಂದು ಗಂಟೆ ನಿಲ್ಲಿಸ್ದೆ ಓಡ್ಸಿ, ಅಂಗೈ ಜುಂ ಅಂತಿದ್ಯಾ, ಕನ್ನಡಿಲಿ ಹಿಂದಿನ ಗಾಡಿ ಅದುರದೆ ಕಾಣುತ್ತಾ, ಗಾಳಿ ಎದೆಗೆ ಹೊಡೀತಿದ್ಯಾ ಗಮನಿಸಿ. ಗಾಳಿ ಹೊಡೆದ್ರೆ ಚಿಂತೆ ಬೇಡ, ಆಮೇಲೆ ವಿಂಡ್‌ಶೀಲ್ಡ್ ಹಾಕಿಸ್ಬಹುದು. ಕೈ ಜುಂ ಅಂದ್ರೆ ಮಾತ್ರ ಅದು ಇಂಜಿನ್ನಿನ ಸ್ವಭಾವ, ಗ್ರಿಪ್ ಬದಲಾಯಿಸಿದ್ರೆ ಸ್ವಲ್ಪ ಕಮ್ಮಿ ಆಗಬಹುದು ಅಷ್ಟೇ, ಪೂರ್ತಿ ಹೋಗಲ್ಲ.

ಕೊನೇಗೆ, ನೀವು ಹೋಗೋ ದಾರೀಲಿ, ಶಿವಮೊಗ್ಗ, ಕಾರವಾರ, ವಿಜಯಪುರದಂಥ ಊರುಗಳಲ್ಲಿ ಆ ಕಂಪ್ನಿ ಸರ್ವಿಸ್ ಸೆಂಟರ್ ಇದ್ಯಾ, ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಲಿವರ್ ಸ್ಟಾಕಿರುತ್ತಾ ಅಂತ ಫೋನ್ ಮಾಡಿ ವಿಚಾರಿಸಿ ಆಮೇಲೆ ಅಡ್ವಾನ್ಸ್ ಕೊಡಿ.