ಇಂಗ್ಲಿಷ್ ಎಂಎಗೆ ಸಾಲ ಮಾಡುವ ಮೊದಲು ಹಾಕಬೇಕಾದ ಲೆಕ್ಕ

ಡಿಗ್ರಿ ರಿಸಲ್ಟ್ ಬಂದ ವಾರ ನನ್ನ ವಿದ್ಯಾರ್ಥಿಗಳು ಸ್ಟಾಫ್ ರೂಮಿಗೆ ಬಂದು ನಿಲ್ಲುತ್ತಾರೆ. 'ಮೇಡಂ, ಇಂಗ್ಲಿಷ್ ಎಂಎ ಮಾಡ್ಲಾ? ಸಾಲ ತಗೊಂಡ್ರೆ ತೀರಿಸೋಕಾಗುತ್ತಾ?' ಇಂಗ್ಲಿಷ್ ಬೇಡ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನನಗೆ ಅನ್ನ ಕೊಟ್ಟ ವಿಷಯ ಅದು. ಆದರೆ ಒಳ್ಳೆಯ ಅಂಕ ತೆಗೆದು, ಪಾಠ ಮಾಡುವ ಕೆಲಸವೂ ಸಿಕ್ಕಿ, ಕಂತು ಮಾತ್ರ ಊರಲ್ಲಿರುವ ಅಪ್ಪನಿಂದ ಕಟ್ಟಿಸುತ್ತಿರುವ ಮಕ್ಕಳನ್ನು ಕಂಡಿದ್ದೇನೆ. ಅವರೆಲ್ಲ ತಪ್ಪಿದ್ದು ಒಂದೇ ಜಾಗದಲ್ಲಿ, ಸಾಲದ ಲೆಕ್ಕದಲ್ಲಿ. ಒಂದು ಹಾಳೆ, ಪೆನ್ನು ತಗೊಂಡು ಕೂತರೆ ಅರ್ಧ ಗಂಟೆಯ ಕೆಲಸ ಇದು.

ಹಂತ 1: ಖರ್ಚು

ಎರಡು ವರ್ಷದ ಫೀಸು, ಹಾಸ್ಟೆಲ್ ಅಥವಾ ಪಿಜಿ, ಬಸ್ಸು, ಪುಸ್ತಕ. ಬರೆದು ಕೂಡಿಸಿ. ಅಷ್ಟೇ.

ಹಂತ 2: ಮೊದಲ ಸಂಬಳ

ಇಲ್ಲಿ ಎಲ್ಲರೂ 57,700 ಅಂತ ಬರೆಯುತ್ತಾರೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ಅದು. ಅದನ್ನು ಹೊಡೆದು ಹಾಕಿ. ಕಾಯಂ ಹುದ್ದೆಗೆ ಯಾವಾಗ ಕರೆಯುತ್ತಾರೋ ಗೊತ್ತಿಲ್ಲ, ಬ್ಯಾಂಕು ಅಲ್ಲಿವರೆಗೆ ಕಾಯುವುದಿಲ್ಲ.

ಬರೆಯಬೇಕಾದ್ದು ಕೈಗೆ ಮೊದಲು ಬರುವ ದುಡ್ಡು. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ ಏರಿಸಿತು. ಐದು ವರ್ಷದೊಳಗಿನ ಸೇವೆಯವರಲ್ಲಿ ನೆಟ್ ಅಥವಾ ಕೆ-ಸೆಟ್ (ಕಾಲೇಜಿನಲ್ಲಿ ಪಾಠ ಮಾಡಲು ಇರುವ ಅರ್ಹತಾ ಪರೀಕ್ಷೆಗಳು) ಆದವರಿಗೆ 30,000 ರೂಪಾಯಿ, ಆಗದವರಿಗೆ 26,000. ಆಮೇಲೂ ಸ್ವಲ್ಪ ಏರಿದೆ. ಆದರೂ ನಾನು 30,000ವನ್ನೇ ಹಿಡಿಯುತ್ತೇನೆ, ಕಮ್ಮಿ ಹಿಡಿದು ಯಾರೂ ಕೆಟ್ಟಿಲ್ಲ. ವಾರಕ್ಕೆ 15 ಗಂಟೆ ಪಾಠ ಸಿಗದಿದ್ದರೆ ಅಷ್ಟೂ ಬರುವುದಿಲ್ಲ ಅನ್ನುವುದು ನೆನಪಿರಲಿ. ರಜೆಯ ತಿಂಗಳಿಗೆ ದುಡ್ಡಿಲ್ಲ, ಹಾಗಾಗಿ 10 ತಿಂಗಳಿಗೆ 3 ಲಕ್ಷ. 12ರಿಂದ ಭಾಗಿಸಿ. ತಿಂಗಳಿಗೆ 25,000. ಇದೇ ನಿಮ್ಮ ಸಂಬಳ.

ಖಾಸಗಿ ಶಾಲೆ, ಕಂಟೆಂಟ್ ರೈಟಿಂಗ್, ಅನುವಾದದ ಕಡೆ ಹೋಗುವವರು ಕಾಲೇಜಿನ ಬ್ರೋಷರ್ ನಂಬಬೇಡಿ. ಹೋದ ವರ್ಷ ಓದು ಮುಗಿಸಿದ ಇಬ್ಬರಿಗೆ ಫೋನ್ ಮಾಡಿ ಕೇಳಿ.

ಹಂತ 3: ಸಾಲ ಎಷ್ಟಾಗುತ್ತದೆ

ಎಡವುವುದು ಇಲ್ಲೇ. ನಿಧಾನಕ್ಕೆ ಓದಿ.

ಫೀಸು ವರ್ಷಕ್ಕೆ ಒಂದೂವರೆ ಲಕ್ಷ ಅಂತಿಟ್ಟುಕೊಳ್ಳಿ. ಎರಡು ವರ್ಷಕ್ಕೆ 3 ಲಕ್ಷ ಸಾಲ, ಬಡ್ಡಿ ಶೇ 10. ಹುಡುಗರು ಮೊಬೈಲಿನಲ್ಲಿ ಇಎಂಐ ಕ್ಯಾಲ್ಕುಲೇಟರ್ ತೆರೆದು 3 ಲಕ್ಷ, 7 ವರ್ಷ ಅಂತ ಒತ್ತುತ್ತಾರೆ. 4,980 ಅಂತ ಬರುತ್ತದೆ. 'ಐದು ಸಾವಿರ ತಾನೆ, ಕಟ್ಟಬಹುದು' ಅಂತ ಸಹಿ ಹಾಕಿಬಿಡುತ್ತಾರೆ.

ಆ ಕ್ಯಾಲ್ಕುಲೇಟರಿಗೆ ನೀವು ಓದುತ್ತಿದ್ದೀರಿ ಅನ್ನುವುದು ಗೊತ್ತಿಲ್ಲ. ಶಿಕ್ಷಣ ಸಾಲದಲ್ಲಿ ಓದುವಷ್ಟು ಕಾಲ, ಮೇಲೆ ಇನ್ನೊಂದು ವರ್ಷ ಕಂತು ಇರುವುದಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದ ಓಡುತ್ತಿರುತ್ತದೆ. ಮೊದಲ ವರ್ಷದ ಒಂದೂವರೆ ಲಕ್ಷಕ್ಕೆ ಮೂರು ವರ್ಷದ ಬಡ್ಡಿ 45,000. ಎರಡನೇ ಒಂದೂವರೆ ಲಕ್ಷಕ್ಕೆ ಎರಡು ವರ್ಷದ ಬಡ್ಡಿ 30,000. ಒಟ್ಟು 75,000 ಅಸಲಿಗೆ ಸೇರಿ, ಕಂತು ಶುರುವಾಗುವ ದಿನ ಸಾಲ 3,75,000 ಆಗಿರುತ್ತದೆ. ಈಗ ಕಂತು ತಿಂಗಳಿಗೆ ಸುಮಾರು 6,225. ಏಳು ವರ್ಷದಲ್ಲಿ ನೀವು ಕಟ್ಟುವುದು 5 ಲಕ್ಷ 23 ಸಾವಿರದ ಹತ್ತಿರ.

ತಪ್ಪಿಸಿಕೊಳ್ಳುವ ದಾರಿ ಇದೆ. ಓದುವಾಗಲೇ ಆಯಾ ತಿಂಗಳ ಬಡ್ಡಿ ಕಟ್ಟಿಬಿಡಿ. ಮೊದಲ ವರ್ಷ ತಿಂಗಳಿಗೆ 1,250, ಆಮೇಲೆ ಕಂತು ಶುರುವಾಗುವವರೆಗೆ 2,500. ನಾಲ್ಕು ಮಕ್ಕಳಿಗೆ ಸಂಜೆ ಟ್ಯೂಷನ್ ಹೇಳಿದರೆ ಹೊಂದಿಸಬಹುದು. ಹೀಗೆ ಮಾಡಿದವರಿಗೆ ಮಾತ್ರ ಆ 4,980ರ ಕಂತು ನಿಜವಾಗುತ್ತದೆ. ಒಟ್ಟಿನಲ್ಲಿ ಸುಮಾರು 30,000 ಉಳಿತಾಯ. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿ ದರದಲ್ಲೂ ಶೇ 1 ಬಿಡುತ್ತವೆ. ಕೇಳದೆ ಬರಬೇಡಿ.

'ಬಡ್ಡಿ ಸರ್ಕಾರ ಕಟ್ಟುತ್ತೆ' ಅನ್ನುವ ಮಾತನ್ನೂ ಪರೀಕ್ಷಿಸಿ. ಕೇಂದ್ರದ ಹಳೆಯ ಬಡ್ಡಿ ಸಹಾಯ ಯೋಜನೆ ಈಗ ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ ಮಾತ್ರ. ಇಂಗ್ಲಿಷ್ ಎಂಎ ಅದರಲ್ಲಿ ಬರುವುದಿಲ್ಲ. 2024ರ ಪಿಎಂ ವಿದ್ಯಾಲಕ್ಷ್ಮಿ ಬೇರೆ. ಅದರ ಪಟ್ಟಿಯಲ್ಲಿ ನಿಮ್ಮ ಸಂಸ್ಥೆ ಇದ್ದು, ಮನೆಯ ಆದಾಯ 8 ಲಕ್ಷದೊಳಗಿದ್ದರೆ ಶೇ 3 ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು.

ಇನ್ನೊಂದು ಎಚ್ಚರ. ಅಡ್ಮಿಷನ್ ಕೌಂಟರ್ ಪಕ್ಕದಲ್ಲೇ ಮೇಜು ಹಾಕಿ 'ಫೀಸಿಗೆ ಇಎಂಐ' ಕೊಡುವವರಿದ್ದಾರೆ. ಅದು ಶಿಕ್ಷಣ ಸಾಲವಲ್ಲ. ಮುಂದಿನ ತಿಂಗಳಿಂದಲೇ ಕಂತು ಶುರು. ಲೋನ್ ಆ್ಯಪ್ ಅಂತೂ ಮುಟ್ಟಲೇಬೇಡಿ. 4 ಲಕ್ಷದವರೆಗೆ ಆಸ್ತಿ ಅಡಮಾನ ಇಲ್ಲದೆ ಸಾಲ ಕೊಡುವ ಸರ್ಕಾರಿ ಬ್ಯಾಂಕುಗಳಿರುವಾಗ ಅದು ಯಾಕೆ ಬೇಕು, ಅಲ್ವಾ?

ಹಂತ 4: ಎರಡನ್ನೂ ಎದುರಿಗಿಡಿ

ಕಂತು ಮೊದಲ ಸಂಬಳದ ಐದನೇ ಒಂದು ಭಾಗ ದಾಟಬಾರದು. ಇದು ನನ್ನ ಗೆರೆ. ಬಾಡಿಗೆ, ಊಟ, ಮನೆಗೆ ಒಂದಿಷ್ಟು ಕಳಿಸುವುದು ಎಲ್ಲ ನೋಡಿಯೇ ಹೇಳುತ್ತಿದ್ದೇನೆ. 25,000ಕ್ಕೆ ಗೆರೆ 5,000. ಅಂದರೆ 3 ಲಕ್ಷದ ಸಾಲ, ಓದುವಾಗಲೇ ಬಡ್ಡಿ ಕಟ್ಟಿದರೆ ಗೆರೆಯೊಳಗೆ. ಕಟ್ಟದಿದ್ದರೆ ಹೊರಗೆ.

ಹೈಸ್ಕೂಲು ಅಥವಾ ಪಿಯು ಕಾಲೇಜಿಗೆ ಹೋಗಬೇಕೆಂದಿರುವವರು ಇಲ್ಲಿ ಇನ್ನೊಂದು ಸಾಲು ಬರೆದುಕೊಳ್ಳಿ. ಅದಕ್ಕೆ ಬಿ.ಎಡ್ ಬೇಕು, ಅದೂ ಎರಡು ವರ್ಷ. ಎಂಎ ಮುಗಿಸಿ ನೇರ ಬಿ.ಎಡ್ ಸೇರಿದರೆ ಕೋರ್ಸಿನ ನಡುವೆಯೇ ಎಂಎ ಸಾಲದ ಕಂತು ಶುರುವಾಗುತ್ತದೆ. ಸೇರಿದ ವಾರವೇ ಬ್ಯಾಂಕಿಗೆ ಪತ್ರ ಕೊಟ್ಟು ಕಾಲಾವಕಾಶ ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ.

ಹಂತ 5: ಗೆರೆ ದಾಟಿದರೆ

ಕಾಲೇಜು ಬದಲಿಸಿ, ವಿಷಯ ಬದಲಿಸಬೇಡಿ. ಮಾನಸಗಂಗೋತ್ರಿ, ಧಾರವಾಡ, ಶಂಕರಘಟ್ಟ, ಕೊಣಾಜೆ, ಈ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೆಲ್ಲ ಇಂಗ್ಲಿಷ್ ಎಂಎ ಇದೆ. ಪೇಮೆಂಟ್ ಸೀಟು ಬಿಟ್ಟು ಮೆರಿಟ್ ಸೀಟಿಗೇ ಪ್ರಯತ್ನಿಸಿ. ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆದರೆ ಕಲಬುರಗಿ ಬಳಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಬಾಗಿಲೂ ತೆರೆಯುತ್ತದೆ. ಮನೆಯಲ್ಲಿ ಈಗಲೇ ದುಡಿಮೆ ಬೇಕು ಅನ್ನುವವರು ಕೆಲಸಕ್ಕೆ ಸೇರಿ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂಎ ಕಟ್ಟಿ. ನೆಟ್ ಬರೆಯಲು ಅದೂ ಆಗುತ್ತದೆ. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದರೆ ಪಿಎಚ್‌ಡಿ ಮಾಡುತ್ತಾ ತಿಂಗಳಿಗೆ 37,000 ಸಿಗುತ್ತದೆ. ಆದರೆ ಅದು ಕೈಗೆ ಬರುವವರೆಗೆ ಸಂಬಳದ ಸಾಲಿನಲ್ಲಿ ಆ ಅಂಕಿ ಬರೆಯಬೇಡಿ.